ಅಕ್ಕ ಹಾಕಿದ್ದ ಬೀಗ

ಊರಿಗಾಂನಲ್ಲಿ ನಾವಿದ್ದ, ಚಿನ್ನದ ಗಣಿಯ ಕೆಲಸದವರಿಗೆಂದು ಸಾಲಾಗಿ ಕಟ್ಟಿದ್ದ ಲೈನ್ ಮನೆಯ ಬೀಗದ ಕೈಯನ್ನು ಬೆಳಿಗ್ಗೆಯೇ ಕೊಟ್ಟುಬಿಟ್ಟಿದ್ದೆವು. ಕೊಡದೆ ಇರುವಂತಿರಲಿಲ್ಲ. ನಮ್ಮ ನಂತರ ಆ ಮನೆಗೆ ಬರಬೇಕಾಗಿದ್ದವರು ನಾವು ಕಾಫಿ ಕುಡಿಯುವ ಮೊದಲೇ ಸಾಮಾನು ತಂದು ಬಾಗಿಲ ಮುಂದೆ ಇಳಿಸಿಕೊಂಡು ಕೂತಿದ್ದರು. ನಮ್ಮ ಬೀರು ಹೊರಗೆ ಬಂದ ದಾರಿಯಲ್ಲೇ ಅವರ ಬೀರು ಒಳಗೆ ಹೋಯಿತು. ಅವರ ಮನೆಯ ಮುದುಕರೊಬ್ಬರು ನನ್ನಿಂದ ಬೀಗದ ಕೈ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಒಳ್ಳೆಯದಾಗಲಿ ಎಂದು ಹೇಳಿ ನಾವು ಗಾಡಿ ಹತ್ತಿದೆವು.

ಮನೆ ಬದಲಾಯಿಸುವ ಹಟ ನನ್ನದೇ. ನಾನು ಬೆಂಗಳೂರಿನ ಹೊರಗಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಬಂಗಾರಪೇಟೆಯಲ್ಲಿ ಇಳಿದ ಮೇಲೆ ಮಾರಿಕುಪ್ಪಂ ಕಡೆಯ ರೈಲು ಸಿಕ್ಕರೆ ಸಿಕ್ಕಿತು, ತಪ್ಪಿದರೆ ಬಸ್ಸಿಗೆ ಓಡಬೇಕು. ಅದೂ ತಪ್ಪಿದ ದಿನ ಮನೆ ಸೇರುವಷ್ಟರಲ್ಲಿ ಮಗಳು ಉಣ್ಣದೆ ಮಲಗಿರುತ್ತಿದ್ದಳು. ಬಂಗಾರಪೇಟೆಯಲ್ಲೇ, ಸ್ಟೇಷನ್ನಿಗೆ ನಡೆದುಹೋಗುವಷ್ಟು ಹತ್ತಿರ ಒಂದು ಮನೆ ಸಿಕ್ಕರೆ ಸಾಕು ಎಂದು ವರ್ಷವೆಲ್ಲ ಹುಡುಕಿದ್ದೆ. ಕೊನೆಗೆ ಒಂದು ಸಣ್ಣ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಸಿಕ್ಕಿತು. ಮನೆಯ ಯಜಮಾನ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ. ಎದುರೆದುರು ಅವನನ್ನು ನೋಡಿದ್ದು ಒಂದೇ ಸಲ, ಮನೆ ತೋರಿಸಲು ಬಂದಾಗ. ಒಳಗಿದ್ದ ಹಳೆಯ ಮಂಚ, ಬಟ್ಟೆಬರೆಯನ್ನೆಲ್ಲ ನೀವು ಬರುವಷ್ಟರಲ್ಲಿ ತೆಗೆಸುತ್ತೇನೆ ಎಂದಿದ್ದ. ಮಿಕ್ಕ ಮಾತೆಲ್ಲ ಫೋನಿನಲ್ಲೇ ಆಗಿತ್ತು.

ನನ್ನ ಗಂಡ ಹಾಲಿನ ವ್ಯಾನ್ ಓಡಿಸುತ್ತಾರೆ. ಹಳ್ಳಿ ಹಳ್ಳಿ ಸುತ್ತಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕ್ಯಾನುಗಳನ್ನು ತುಂಬಿಕೊಂಡು ಡೈರಿಗೆ ಹಾಕಬೇಕು. ಬೆಳಗಿನ ಸುತ್ತು ಮುಗಿದ ಮೇಲೆ ಮಧ್ಯಾಹ್ನದವರೆಗೆ ಗಾಡಿ ಇಟ್ಟುಕೊಳ್ಳಿ ಎಂದು ವ್ಯಾನಿನ ಮಾಲೀಕರು ದೊಡ್ಡ ಮನಸ್ಸು ಮಾಡಿದ್ದರು. ಮಗಳನ್ನು ನನ್ನ ತವರಿನಲ್ಲಿ ಬಿಟ್ಟು, ನಾನು, ಇವರು, ಅತ್ತೆ ಮೂವರೂ ಹುಳಿ ಹಾಲಿನ ವಾಸನೆಯ ಗಾಡಿಯಲ್ಲಿ ಹೊರಟೆವು. ಅತ್ತೆಯ ತೊಡೆಯ ಮೇಲೆ ಹೊಸ ಮನೆಯಲ್ಲಿ ಉಕ್ಕಿಸಲು ಹಾಲಿನ ಚೊಂಬು. ರಾಹುಕಾಲಕ್ಕೆ ಮೊದಲೇ ಒಲೆ ಹಚ್ಚಬೇಕೆಂದು ದಾರಿಯುದ್ದಕ್ಕೂ ಮಗನಿಗೆ ಬೇಗ ಓಡಿಸು ಎನ್ನುತ್ತಿದ್ದರು.

ಬೀಗದ ಕೈ ಕಟ್ಟಡದ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಇರುತ್ತದೆ ಎಂದು ಯಜಮಾನ ಹೇಳಿದ್ದ. ಹೋಗಿ ನೋಡಿದರೆ ಅಂಗಡಿಯ ಷಟರ್ ಎಳೆದಿತ್ತು. ಪಕ್ಕದ ಟೀ ಅಂಗಡಿಯವನನ್ನು ಕೇಳಿದರೆ, ಮುಳಬಾಗಿಲ ಕಡೆ ಯಾರದೋ ಮದುವೆಗೆ ಹೋಗಿದ್ದಾರೆ ಎಂದ. ಷಟರ್ ಮೇಲೆ ಬರೆದಿದ್ದ ನಂಬರಿಗೆ ಫೋನ್ ಮಾಡಿದೆ. ಓಲಗದ ಸದ್ದಿನ ನಡುವೆ ಜೆರಾಕ್ಸ್ ಅಂಗಡಿಯವನು, "ಬೀಗದ ಕೈ ಮನೇಲೈತೆ, ನಮ್ಮೋಳು ತತ್ತಾಳೆ" ಎಂದ. ಅವನ ಹೆಂಡತಿ ಬರುವವರೆಗೆ ನಾವು ಗಾಡಿಯ ನೆರಳಿನಲ್ಲಿ ನಿಂತೆವು. ಅತ್ತೆ ಸೂರ್ಯನನ್ನು ನೋಡಿಕೊಂಡು ಹೊತ್ತು ಲೆಕ್ಕ ಹಾಕುತ್ತಿದ್ದರು. ಆಕೆ ಬಂದು ಕೈಗಿಟ್ಟಾಗ ನನಗೆ ಕಷ್ಟವೆಲ್ಲ ತೀರಿತು ಅನ್ನಿಸಿತು. ಚೊಂಬು ಹಿಡಿದು ಅತ್ತೆ ಮುಂದೆ, ದೇವರ ಫೋಟೊ ಹಿಡಿದು ನಾನು ಹಿಂದೆ ಮೆಟ್ಟಿಲು ಹತ್ತಿದೆವು.

ಬಾಗಿಲಿಗೆ ಎರಡು ಬೀಗ ಇತ್ತು.

ಕೆಳಗಿನದು ಬಾಗಿಲಿಗೇ ಕೂರಿಸಿದ ಬೀಗ. ನಮ್ಮ ಕೈಲಿದ್ದದ್ದು ಅದಕ್ಕೆ ಸರಿಯಾಗಿ ತಿರುಗಿತು. ಮೇಲಿನ ಚಿಲಕಕ್ಕೆ ದಪ್ಪನೆಯ ಇನ್ನೊಂದು ಬೀಗ ಜೋತುಬಿದ್ದಿತ್ತು. ಮನೆ ನೋಡಲು ಬಂದಾಗ ಅದು ಇರಲಿಲ್ಲ. ಒಂದೇ ಬೀಗದ ಕೈಯಲ್ಲಿ ಎರಡೂ ತೆಗೆಯಬಹುದೇನೋ ಎಂದು ಅದಕ್ಕೂ ತೂರಿಸಿ ನೋಡಿದೆ, ಒಳಗೇ ಹೋಗಲಿಲ್ಲ. ಇವರು ಮೇಲೆ ಬಂದು ಒಂದು ಸಲ ಬೀಗ ಎಳೆದು ನೋಡಿದರು. "ಯಾರೋ ಬೇಕಂತ್ಲೇ ಆಕವ್ರೆ" ಎಂದರು.

ಯಜಮಾನನಿಗೆ ಫೋನ್ ಮಾಡಿದೆ. ವಿಷಯ ಕೇಳಿ ಆತ, "ಒಡೆದುಹಾಕಿ ಮೇಡಂ, ನಾನು ಹೇಳ್ತಾ ಇದೀನಲ್ಲ. ನನ್ನ ಮನೆ ಅದು. ಒಡೆದು ಒಳಗೆ ಹೋಗಿ" ಎಂದ. ಯಾರ ಬೀಗ ಎಂದು ಕೇಳಿದರೆ, "ಡ್ಯೂಟೀಲಿದ್ದೀನಿ" ಎಂದು ಕಟ್ ಮಾಡಿದ.

ಇವರು ಕೆಳಗೆ ಹೋಗಿ ಗಾಡಿಯ ಜಾಕಿ ರಾಡು ತಂದರು. ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ನನಗಿಂತ ಸ್ವಲ್ಪ ದೊಡ್ಡ ಹೆಂಗಸು, ಮನೆಯಲ್ಲಿ ತಮಿಳು ಆಡುವವರು. ನಮ್ಮ ಮಾತೆಲ್ಲ ಕೇಳಿಸಿಕೊಂಡಿರಬೇಕು.

"ಒಡೀಬ್ಯಾಡಿ ಅಣ್ಣ," ಎಂದರು. "ಅದು ಅಕ್ಕ ಆಕಿರೋ ಬೀಗ. ಮನೆ ಓನರ್ ಅವರಕ್ಕ. ನಿನ್ನೆ ಸಾಯಂಕಾಲ ಬಂದು ಆಕ್ಕೊಂಡು ಓದ್ರು. ಪಾವಂ, ಅಳ್ತಾನೇ ಇದ್ರು."

ಇವರ ಕೈಯಲ್ಲಿದ್ದ ರಾಡು ಹಾಗೇ ಕೆಳಗಿಳಿಯಿತು.

ಆಮೇಲೆ ಆಕೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು. ಈ ಮನೆಯನ್ನು ಕೊಂಡದ್ದು ಯಜಮಾನನ ತಂದೆ, ಮೈನ್ಸ್ ಕೆಲಸ ನಿಂತ ಎಷ್ಟೋ ವರ್ಷಗಳ ಮೇಲೆ. ತಂದೆ ಹೋದರು. ತಾಯಿ ಹಾಸಿಗೆ ಹಿಡಿದರು. ಮಗಳು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಾಯಿಯ ಹತ್ತಿರ ಬಂದವರು. ಹೇಲು ಉಚ್ಚೆ ಬಾಚಿ ತಾಯಿಯನ್ನು ಕೊನೆಯವರೆಗೂ ನೋಡಿಕೊಂಡರು. ಮನೆ ಮಗನ ಹೆಸರಿಗಿತ್ತು. ತಾಯಿಯ ತಿಥಿ ಮುಗಿದ ಮೇಲೆ ಅಕ್ಕ ಮಾರಿಕುಪ್ಪಂ ಹತ್ತಿರದ ಮೈಸೂರು ಮೈನ್ಸ್ ಕಡೆ, ಗಂಡನ ತಮ್ಮನ ಮನೆಯ ಮುಂದಿನ ಕೋಣೆಗೆ ಹೋದರು. "ಓದ್ರು ಅಂತಾರೆ. ಕಳಿಸಿದ್ದು" ಎಂದರು ಎದುರು ಮನೆಯಾಕೆ.

ಅಕ್ಕನ ನಂಬರು ಆಕೆಯ ಹತ್ತಿರವೇ ಇತ್ತು. ನಾನೇ ಮಾತಾಡಿದೆ. ಬಾಡಿಗೆಗೆ ಬಂದವರು, ಸಾಮಾನು ಗಾಡಿಯಲ್ಲಿದೆ, ಮಧ್ಯಾಹ್ನಕ್ಕೆ ಗಾಡಿ ವಾಪಸ್ ಕೊಡಬೇಕು, ವಯಸ್ಸಾದವರಿದ್ದಾರೆ ಎಂದೆಲ್ಲ ಹೇಳಿಕೊಂಡೆ. ಅತ್ತಲಿಂದ ಸಣ್ಣ ದನಿ. "ಬತ್ತೀನಿ ಕಣಮ್ಮ. ಬಸ್ಸಿಗೆ ಬತ್ತೀನಿ. ಇರಿ." ಅಷ್ಟೇ.

ಇರದೆ ಎಲ್ಲಿಗೆ ಹೋಗುವುದು? ಬಿಸಿಲು ನೆತ್ತಿಗೇರಿತು. ಒಳ್ಳೆಯ ಹೊತ್ತು ಕಳೆದುಹೋಯಿತು ಎಂದು ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರಿಗೆ ಬಾತ್‌ರೂಮಿಗೆ ಹೋಗಬೇಕಿತ್ತು. ಬಹಳ ಹೊತ್ತಿನಿಂದ ತಡೆದುಕೊಂಡಿದ್ದರು, ಮಗನ ಮುಂದೆ ಹೇಳಲು ನಾಚಿಕೆ. ನನ್ನ ಕಿವಿಯಲ್ಲಿ ಹೇಳಿದಾಗ ಎದುರು ಮನೆಯ ಕರೆಗಂಟೆ ಒತ್ತಿ ನಿಂತೆ. ಬೇರೆಯವರ ಮನೆಯ ಕಕ್ಕಸು ಕೇಳುವುದು ಅನ್ನ ಕೇಳುವುದಕ್ಕಿಂತ ಕಷ್ಟ. ಆಕೆ ಒಂದು ಕ್ಷಣ ಹಿಂದೆ ಮುಂದೆ ನೋಡಿದರು, ಆಮೇಲೆ ಬನ್ನಿ ಎಂದರು. ಅತ್ತೆ ಹೊರಗೆ ಬಂದಾಗ ಮುಖ ಸಣ್ಣದಾಗಿತ್ತು. "ಇಂಗಾಗಬಾರ್ದಿತ್ತು ನಮ್ಗೆ" ಎಂದಷ್ಟೇ ಹೇಳಿದರು.

ಮಧ್ಯಾಹ್ನ ದಾಟಿತು. ಅಕ್ಕ ಬರಲಿಲ್ಲ. ವ್ಯಾನಿನ ಮಾಲೀಕರ ಫೋನು ಬಂತು, ಸಂಜೆ ಸುತ್ತಿಗೆ ಕ್ಯಾನು ಹಾಕಿಕೊಳ್ಳಬೇಕಲ್ಲ ಎಂದು. ಹಾಲು ಕಾಯುವುದಿಲ್ಲ, ಅದು ನಮಗೂ ಗೊತ್ತು. ಇವರೂ ಟೀ ಅಂಗಡಿಯವನೂ ಸೇರಿ ಸಾಮಾನೆಲ್ಲ ಕೆಳಗೆ, ಬೈಕು ನಿಲ್ಲಿಸುವ ಜಾಗದಲ್ಲಿ ಇಳಿಸಿದರು. ಒಂದು ಸಂಸಾರ ಹೀಗೆ ಬಯಲಲ್ಲಿ ಬಿದ್ದಿರುವುದನ್ನು ನಾನು ಅದೇ ಮೊದಲು ನೋಡಿದ್ದು. ರಾಗಿ ಮೂಟೆ, ಗ್ಯಾಸಿನ ಸಿಲಿಂಡರು, ಹರಿದ ಕಡೆ ನಾನೇ ಹೊಲಿದಿದ್ದ ಹಾಸಿಗೆ, ಮಗಳ ಪ್ಲಾಸ್ಟಿಕ್ ಬಕೆಟ್ಟು. ಮನೆಯೊಳಗಿದ್ದಾಗ ಇವೆಲ್ಲ ಸಾಮಾನಾಗಿತ್ತು. ಅಲ್ಲಿ ಎಸೆಯಲು ತಂದದ್ದರ ಹಾಗೆ ಕಾಣುತ್ತಿತ್ತು. ಬೈಕಿನಲ್ಲಿ ಬಂದವರು ಒಬ್ಬೊಬ್ಬರಾಗಿ, "ಇದ್ಯಾವಾಗ ಎತ್ತೀರಿ?" ಎಂದು ಕೇಳಿ ಹೋದರು. ಎಲ್ಲರಿಗೂ ಇವಾಗ ಎತ್ತುತ್ತೀವಿ ಎಂದೆ.

ಚೊಂಬಿನ ಹಾಲು ಅಷ್ಟರಲ್ಲಿ ಒಡೆದಿತ್ತು. ಅತ್ತೆ ಅದನ್ನು ಗೇಟಿನ ಹೊರಗೆ ಗಿಡದ ಬುಡಕ್ಕೆ ಸುರಿದು ಬಂದರು.

ಇವರು ಹೋಗುವ ಮುಂಚೆ ಮೂರು ಸಲ ಗಾಡಿ ಹತ್ತಿ ಇಳಿದರು. "ನಾನು ಓಗ್ದಿದ್ರೆ ಕೆಲ್ಸ ಓಯ್ತದೆ," ಎಂದರು, ನಾನು ಬೇಡ ಎಂದೆನೇನೋ ಎಂಬಂತೆ. ನಾನು ಏನೂ ಅಂದಿರಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ನಾನು ಮೂಟೆಯ ಮೇಲೆ ಕೂತೆ. ಆ ಅಕ್ಕ ಬರಲಿ, ಇವತ್ತು ನನ್ನ ಬಾಯಿಗೆ ಬಂದದ್ದೆಲ್ಲ ಅಂದುಬಿಡುತ್ತೇನೆ ಎಂದುಕೊಂಡೆ. ಏನೇನು ಅನ್ನಬೇಕು ಎಂಬುದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಬಿಸಿಲು ಇಳಿದ ಮೇಲೆ ಆಕೆ ಬಂದರು. ಐವತ್ತು ದಾಟಿದ ಹೆಂಗಸು, ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರು, ಕೈಯಲ್ಲೊಂದು ವೈರ್ ಬುಟ್ಟಿ. ನಮ್ಮ ಸಾಮಾನು ನೋಡಿ ಅಲ್ಲೇ ನಿಂತರು. "ಅಯ್ಯೋ, ಎಲ್ಲಾ ಇಳ್ಸಿಬಿಟ್ಟಿದ್ದೀರಾ?" ಎಂದು ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು. ಆ ಮುಖ ನೋಡಿದ ಮೇಲೆ ನಾನು ಜೋಡಿಸಿಟ್ಟುಕೊಂಡಿದ್ದ ಒಂದು ಮಾತೂ ಹೊರಗೆ ಬರಲಿಲ್ಲ. "ಬೀಗ ತೆಗೀರಿ ಅಕ್ಕ" ಎಂದೆ, ಅಷ್ಟೇ.

"ನಿಮ್ಮ ಮೇಲೆ ನಂಗೇನೂ ಕ್ವಾಪ ಇಲ್ಲ ಕಣಮ್ಮ," ಎಂದರು. "ಅವನಿಗೆ ಒಂದು ಪೋನ್ ಮಾಡು. ನನ್ನ ಪೋನಾದ್ರೆ ಎತ್ತಲ್ಲ."

ಮಾಡಿದೆ. ಸ್ಪೀಕರ್ ಹಾಕಿದೆ. ಆಕೆ ಫೋನಿನ ಹತ್ತಿರ ಬಗ್ಗಿದರು, ಆದರೆ ಮಾತಾಡಿದ್ದು ನನ್ನ ಜೊತೆ.

"ಅವನ್ನ ಕೇಳಮ್ಮ, ಅವ್ವ ಓದ ಮೇಲೆ ಒಂದು ದಿನಾನಾದ್ರೂ ಈ ಮನೆಗೆ ಬಂದು ನನ್ನ ಮುಂದೆ ಕೂತ್ಕೊಂಡ್ನಾ ಅಂತ."

ನಾನು ಕೇಳುವ ಅಗತ್ಯವಿರಲಿಲ್ಲ. "ಅವಳಿಗೆ ಹೇಳಿ ಮೇಡಂ," ಎಂದ ಆತ, "ನಂಗೆ ಲೀವ್ ಸಿಗಲ್ಲ. ನಿನ್ನ ಸಾಮಾನು ತಗೊಂಡು ಹೋಗು ಅಂತ ಹದಿನೈದು ದಿನದ ಹಿಂದೇನೇ ಹೇಳಿದ್ದೀನಿ."

"ನನ್ನ ಸಾಮಾನಲ್ಲ ಅದು, ಅವ್ವನ ಸಾಮಾನು ಅಂತ ಯೋಳು. ಅವ್ವನ ಮಂಚ, ಅವ್ವನ ಸೀರೆ. ನಾನೊಬ್ಳೇ ಅದನ್ನೆಲ್ಲ ಎಲ್ಲಿಗೆ ಆಕ್ಲಿ? ಅವನು ಬಂದು ಒಂದು ಸಲ ನೋಡ್ಲಿ. ಇದು ಇರ್ಲಿ, ಇದು ಕೊಡೋಣ ಅಂತ ಬಾಯಲ್ಲಿ ಯೋಳ್ಲಿ. ಆಮೇಲೆ ನಾನೇ ಬೀಗ ತೆಗ್ದು ಇವರ ಕೈಗೆ ಕೊಡ್ತೀನಿ."

"ನಾಳೆ ಬರ್ತೀನಿ ಅಂತ ಹೇಳಿ ಮೇಡಂ. ಈಗ ತೆಗೀಲಿ."

"ನಾಳೆ ಬಂದ್ರೆ ನಾಳೆ ತೆಗೀತೀನಿ ಅಂತ ಯೋಳು."

ಫೋನು ನನ್ನ ಅಂಗೈಯಲ್ಲಿತ್ತು. ಅಕ್ಕ ತಮ್ಮ ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಆದರೂ ಇಬ್ಬರೂ ನನಗೇ ಹೇಳುತ್ತಿದ್ದರು. ನಾನು ಆ ಕಡೆಗೂ ಈ ಕಡೆಗೂ ತಲೆಯಾಡಿಸುತ್ತ ನಿಂತಿದ್ದೆ. ಕೊನೆಗೆ ಆತ ಫೋನಿಟ್ಟ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಆಕೆ ನಮ್ಮ ರಾಗಿ ಮೂಟೆಯ ಮೇಲೆ ಕೂತು ಅತ್ತರು. "ಇವತ್ತು ತೆಗ್ದುಬಿಟ್ರೆ ಅವನು ಇನ್ನು ಯಾವತ್ತೂ ಬರಲ್ಲಮ್ಮ. ನಂಗೊತ್ತು. ನಿಮಗೆ ತೊಂದ್ರೆ ಕೊಡ್ತಾ ಇದ್ದೀನಿ, ಅದೂ ಗೊತ್ತು. ನಾನೇನು ಮಾಡ್ಲಿ?"

ಬೀಗದ ಕೈ ಆ ವೈರ್ ಬುಟ್ಟಿಯಲ್ಲೇ ಇತ್ತು. ಪರ್ಸಿನ ಪಕ್ಕ, ಬಾಳೆಹಣ್ಣಿನ ಕೆಳಗೆ, ನನಗೆ ಕಾಣಿಸುತ್ತಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಅತ್ತೆಯೂ ಅದನ್ನು ನೋಡಿದರು. ನಂತರ ಅವರು ಮಾಡಿದ್ದು ನಾನು ಎಣಿಸದೆ ಇದ್ದದ್ದು. ಆಕೆಯ ಪಕ್ಕಕ್ಕೆ ಹೋಗಿ ಕೂತು, "ನಿಮ್ಮವ್ವಂಗೆ ಏನಾಗಿತ್ತಮ್ಮ?" ಎಂದು ಕೇಳಿದರು. ಆಕೆ ಹೇಳುತ್ತ ಹೋದರು, ಅರ್ಧ ಕನ್ನಡ, ಅರ್ಧ ತೆಲುಗು. ಅತ್ತೆಯೂ ತೆಲುಗಿಗೆ ಹೊರಳಿದರು. ಇಬ್ಬರೂ ನಮ್ಮ ಸಾಮಾನಿನ ನಡುವೆ ಕೂತು ಸತ್ತುಹೋದ ಒಂದು ಜೀವದ ಬಗ್ಗೆ ಮಾತಾಡುತ್ತಿದ್ದರು. ನನಗೆ ಅಳು ಬಂತು, ಯಾರಿಗಾಗಿ ಎಂದು ಗೊತ್ತಾಗಲಿಲ್ಲ.

ಕತ್ತಲಾಗುವ ಮುಂಚೆ ಇವರು ಸುತ್ತು ಮುಗಿಸಿ ಬೈಕಿನಲ್ಲಿ ಬಂದರು. ಮಾರನೆಯ ಬೆಳಗಿನ ಸುತ್ತಿಗೆ ಮಾಲೀಕರ ತಮ್ಮ ಹೋಗುವುದಾಗಿ ಒಪ್ಪಿದ್ದರು. ನಡೆದದ್ದನ್ನೆಲ್ಲ ಹೇಳಿದಾಗ ಇವರು ಆಕೆಯನ್ನು ಒಂದು ಸಲ, ಮೇಲಿನ ಮಹಡಿಯನ್ನು ಒಂದು ಸಲ ನೋಡಿದರು. "ನಾನು ಇಲ್ಲೇ ಸಾಮಾನಿನ ಜೊತೆ ಮಲಗ್ತೀನಿ. ನೀವಿಬ್ರು ಎಲ್ಲಿಗೋಯ್ತೀರಿ?" ಎಂದರು. ನನ್ನ ತವರಿಗೆ ಆ ಹೊತ್ತಿನಲ್ಲಿ ಬಸ್ಸಿಲ್ಲ.

"ನಮ್ಮನೇಗೆ ಬನ್ನಿ," ಎಂದರು ಆ ಅಕ್ಕ. ತಲೆ ಎತ್ತಿರಲಿಲ್ಲ. "ಒಂದೇ ರೂಮು. ಆದ್ರೂ ಬನ್ನಿ. ಬೆಳಿಗ್ಗೆ ಮೂವರೂ ಬರಾಣ."

ಮನೆಯಿಂದ ಹೊರಗೆ ಹಾಕಿದವರ ಮನೆಗೇ ಮಲಗಲು ಹೋಗುವುದು ಎಂದರೆ ನಗು ಬರಬಹುದು. ಆ ಹೊತ್ತಿಗೆ ನಮಗೆ ಬೇರೆ ದಾರಿ ಕಾಣಲಿಲ್ಲ. ಮಾರಿಕುಪ್ಪಂ ರೈಲು ಹತ್ತಿದೆವು. ಯಾವ ರೈಲನ್ನು ಇನ್ನು ಹತ್ತಬೇಕಾಗಿಲ್ಲ ಎಂದು ಬೆಳಿಗ್ಗೆ ಖುಷಿಪಟ್ಟಿದ್ದೆನೋ ಅದೇ ರೈಲು. ಊರಿಗಾಂನಲ್ಲಿ ನಿಂತಾಗ ಅಭ್ಯಾಸದಂತೆ ಅತ್ತೆ ಎದ್ದು ನಿಂತರು. ನಾನು ಕೈ ಹಿಡಿದು ಕೂರಿಸಿದೆ. ಮಾರಿಕುಪ್ಪಂನಲ್ಲಿ ಇಳಿದು ಆಟೊ ಹಿಡಿದು ಮೈಸೂರು ಮೈನ್ಸ್ ಕಡೆಯ ಅವರ ಕೋಣೆಗೆ ಹೋದೆವು. ಒಂದು ಚಾಪೆ, ಒಂದು ಸ್ಟವ್, ಗೋಡೆಗೆ ತಾಯಿಯ ಫೋಟೊ. ಆಕೆ ಉಪ್ಪಿಟ್ಟು ಮಾಡಿದರು. ನಮ್ಮಿಬ್ಬರಿಗೆ ಚಾಪೆ ಕೊಟ್ಟು ತಾವು ಹಳೆಯ ಸೀರೆ ಹಾಸಿಕೊಂಡರು. ಅತ್ತೆ ಬೇಗ ನಿದ್ದೆಹೋದರು. ನಾನು ಹೋಗಲಿಲ್ಲ, ಆಕೆಯೂ ಹೋಗಲಿಲ್ಲ ಅನ್ನಿಸುತ್ತದೆ.

ಬೆಳಿಗ್ಗೆ ಆಕೆ ತಲೆಗೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟರು. ತಮ್ಮ ಬರುತ್ತಾನೆ ಎಂಬ ನಂಬಿಕೆ ಆ ಸೀರೆಯಲ್ಲಿ ಕಾಣುತ್ತಿತ್ತು. ರೈಲಿನಲ್ಲಿ, "ಅವನಿಗೆ ಚಿತ್ರಾನ್ನ ಅಂದ್ರೆ ಪ್ರಾಣ. ಡಬ್ಬೀಲಿ ತಂದಿವ್ನಿ" ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ.

ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಇವರು ಎದುರಾದರು. ಇವರ ಮುಖ ನೋಡಿದರೆ ಏನೋ ಆಗಿದೆ ಎಂದು ಗೊತ್ತಾಗುತ್ತಿತ್ತು. ನನ್ನನ್ನು ಪಕ್ಕಕ್ಕೆ ಕರೆಯಲು ನೋಡಿದರು, ಅಷ್ಟರಲ್ಲಿ ಆಕೆ ಮೆಟ್ಟಿಲು ಹತ್ತಿಯಾಗಿತ್ತು.

ತಮ್ಮ ಬಂದಿರಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಕಟ್ಟರ್ ಮೆಷಿನ್ ಹಿಡಿದ ಒಬ್ಬನನ್ನು ಕಳಿಸಿದ್ದ. ಆ ಮನುಷ್ಯ ಬೀಗ ಕತ್ತರಿಸಿದ್ದ. ಅಷ್ಟೇ ಅಲ್ಲ, ಒಳಗಿದ್ದ ಮಂಚವನ್ನು ಬಿಚ್ಚಿ ಕಾರಿಡಾರಿನ ಗೋಡೆಗೆ ಒರಗಿಸಿದ್ದ. ಸೀರೆಗಳನ್ನು ಒಂದು ಗೋಣಿಚೀಲಕ್ಕೆ ತುಂಬಿದ್ದ. ಬಾಗಿಲು ಹಾರುಹೊಡೆದಿತ್ತು. "ನಾನು ಬ್ಯಾಡ ಅಂದೆ," ಎಂದು ಇವರು ಪಿಸುಮಾತಿನಲ್ಲಿ ಹೇಳಿದರು. "ಮನೆ ಓನರ್ ಯೋಳವ್ರೆ, ನೀನ್ಯಾರು ಕೇಳಾಕೆ ಅಂದ. ನಿಂಗೆ ಪೋನ್ ಮಾಡೋಣಾಂದ್ರೆ ಅವರು ಪಕ್ಕದಲ್ಲೇ ಇರ್ತಾರೆ. ಎಂಗೆ ಯೋಳ್ಲಿ?"

ಆಕೆ ಮಂಚದ ಕಾಲು ಸವರಿದರು. ಗೋಣಿಚೀಲದ ಬಾಯಿ ಬಿಚ್ಚಿ, ಮುದುರಿ ತುರುಕಿದ್ದ ಸೀರೆಗಳನ್ನು ಒಂದೊಂದಾಗಿ ತೆಗೆದು ಮಡಿಸಿದರು. ಎದುರು ಮನೆಯಾಕೆ ಬಂದು ಜೊತೆಗೆ ಕೂತರು. ನಾನೂ ಕೂತು ಮಡಿಸಿದೆ. ಬಾಗಿಲು ತೆರೆದೇ ಇತ್ತು, ಒಳಗೆ ಹೋಗಲು ನಮಗೆ ಯಾರ ಅಡ್ಡಿಯೂ ಇರಲಿಲ್ಲ. ಆದರೂ ನಾನು, ಇವರು, ಅತ್ತೆ ಮೂವರೂ ಹೊಸ್ತಿಲ ಈಚೆಯೇ ಇದ್ದೆವು. ಕೊನೆಗೆ ಆಕೆಯೇ, "ಓಗಿ, ಒಳಗೋಗಿ. ನಿಮ್ಮದೇನು ತಪ್ಪು?" ಎಂದರು. ಚಿತ್ರಾನ್ನದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಗಂಡನ ತಮ್ಮ ಆಟೊ ತಂದು ಮಂಚ ತೆಗೆದುಕೊಂಡು ಹೋಗುತ್ತಾನೆ ಎಂದು ಹೇಳಿ, ಸೀರೆಯ ಗಂಟು ಹೊತ್ತು ಇಳಿದು ಹೋದರು. ನಾನು ಅವರ ಹಿಂದೆ ಒಂದು ಮಹಡಿ ಇಳಿದೆ. ಅಲ್ಲೇ ನಿಂತೆ.

ಮಧ್ಯಾಹ್ನ ಯಜಮಾನನ ಫೋನು ಬಂತು. "ಎಲ್ಲಾ ಸರಿ ಹೋಯ್ತಲ್ಲ ಮೇಡಂ?" ಹೂಂ ಎಂದೆ. ಬೇರೆ ಏನು ಹೇಳುವುದು? ಇರುವುದು ಅವನ ಮನೆ, ಅಡ್ವಾನ್ಸ್ ಕೊಟ್ಟಾಗಿದೆ, ಹಿಂದಿನ ಮನೆಯಲ್ಲಿ ಬೇರೆಯವರ ಒಲೆ ಉರಿಯುತ್ತಿದೆ.

ಆ ಮನೆಯಲ್ಲೇ ಈಗಲೂ ಇದ್ದೇವೆ. ಮಗಳು ನನ್ನ ಜೊತೆ ಕೂತು ಉಣ್ಣುತ್ತಾಳೆ, ಬೇಕಾಗಿದ್ದದ್ದು ಅದೇ. ಮಂಚ ಎರಡು ವಾರ ಕಾರಿಡಾರಿನಲ್ಲಿದ್ದು ಆಮೇಲೆ ಹೋಯಿತು. ಅದನ್ನು ಒಯ್ಯುವಾಗ ನಾನು ಕೆಲಸದಲ್ಲಿದ್ದೆ.

ಆಕೆಯನ್ನು ಮತ್ತೆ ಒಂದೇ ಸಲ ನೋಡಿದ್ದು. ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ, ಮಾರಿಕುಪ್ಪಂ ಕಡೆಯ ರೈಲಿನ ಕಿಟಕಿಯಲ್ಲಿ ಕೂತಿದ್ದರು. ನನ್ನನ್ನು ಗುರುತಿಸಿ ನಕ್ಕರು. ನಾನು ಓಡಿಹೋಗಿ ಕಂಬಿ ಹಿಡಿದುಕೊಂಡೆ. ಅವರು ಕೇಳಿದ್ದು ಅತ್ತೆಯ ಆರೋಗ್ಯ, ಮಗಳ ಸ್ಕೂಲು. ಆಮೇಲೆ, "ಅಡಿಗೆ ಮನೇಲಿ ನಲ್ಲಿ ತೊಟ್ಟಿಕ್ತಾ ಐತಾ? ಪೂರ್ತಿ ತಿರುಗಿಸ್ಬ್ಯಾಡ. ಅರ್ಧ ತಿರುಗ್ಸಿ ಮೇಲಕ್ಕೆ ಎತ್ತಿ ಬಿಡು, ನಿಂತೋಯ್ತದೆ" ಎಂದರು. ಆಗಲಿ ಅಕ್ಕ ಎಂದೆ. ಒಂದು ಸಲ ಮನೆಗೆ ಬನ್ನಿ ಎಂದು ಕರೆಯಬೇಕೆಂದು ಬಾಯಿ ತೆರೆದೆ. ಅವರದೇ ಮನೆಗೆ ಅವರನ್ನು ಬನ್ನಿ ಎಂದು ಹೇಗೆ ಕರೆಯುವುದು? ಅಷ್ಟರಲ್ಲಿ ರೈಲು ಹೊರಟಿತು. ನಾನು ಕಂಬಿ ಬಿಟ್ಟೆ.